ಒಕ್ಕಲಿಗನ ಮನೆ ಹೇಗಿರಬೇಕು?

ರೋಹಿಣಿ ಮಳೆ ಬರುವ ಮೊದಲು ಮಾಳಿಗೆಗೆ ಮಣ್ಣು ಹಾಕುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಹಳ್ಳದ ದಂಡೆಯ ಬೆಳ್ಳನೆಯ ಕರಲು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು, ಹರಡಿ, ತುಳಿದು ಗಟ್ಟಿ ಮಾಡಿದರೆ ಮಳೆಗಾಲದ ಚಿಂತೆ ಮುಗಿಯಿತು. ಕಳೆದ ಬೇಸಿಗೆಯಲ್ಲಿ ನಮ್ಮ ತಾಯಿಯವರು ಎಂದಿನಂತೆ, "ಹಿಂದಿನ ಮೂಲಿ ಸೋರ್ತದ, ಹತ್ತು ಬುಟ್ಟಿ ಮಣ್ಣು ಹಾಕಿಸು" ಎಂದರು. ನಾವು ಬುಟ್ಟಿ ಹಿಡಿದು ಏರಿದೆವು. ಆದರೆ ಮಣ್ಣು ಸುರಿಯುವ ಮೊದಲು, ಗುದ್ದಲಿ ಕೈಯಲ್ಲಿದ್ದುದರಿಂದ, ಸೋರುವ ಮೂಲೆಯಲ್ಲಿ ಹಲಗೆ ಕಾಣುವವರೆಗೆ ಅಗೆದು ನೋಡಿದೆವು. ಶಾಲೆಯ ಅಡಿಪಟ್ಟಿಯನ್ನು ಇಳಿಬಿಟ್ಟೆವು. ಎರಡು ಅಡಿ ತೋರಿಸಿತು.

ಮೊದಲು ಅಳೆ, ಆಮೇಲೆ ಹೇಳು ಎಂಬುದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಪಾಠ. ಅದರಂತೆ ಲೆಕ್ಕ ಹಾಕಿದೆವು. ನಮ್ಮ ಪಡಸಾಲೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಅದರ ಮೇಲೆ ಎರಡು ಅಡಿ ಮಣ್ಣೆಂದರೆ 300 ಘನ ಅಡಿ. ತುಳಿದು ಗಟ್ಟಿಯಾದ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಒಟ್ಟು 13,500 ಕಿಲೋ, ಅಂದರೆ 135 ಕ್ವಿಂಟಲ್. ಒಂದು ಕ್ವಿಂಟಲಿನ 135 ಜೋಳದ ಚೀಲಗಳನ್ನು ತಲೆಯ ಮೇಲೆ ಒಟ್ಟಿಕೊಂಡು ನಮ್ಮ ತಾಯಿಯವರು ಇಷ್ಟು ವರುಷ ಮಲಗಿದ್ದರು! ಮಳೆಯಲ್ಲಿ ಮಣ್ಣು ನೆನೆದಾಗ ಈ ತೂಕ ಇನ್ನೂ ಹೆಚ್ಚು.

ಅಂದು ನಾವು ಮಣ್ಣು ಹಾಕಿಸಲಿಲ್ಲ. ಏಕೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಆ ರಾತ್ರಿ

1993ರ ಸಪ್ಟೆಂಬರ 29ರಂದು ಊರೂರಿನಲ್ಲಿ ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದರು. ಮರುದಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ, ಇವುಗಳ ಸುತ್ತಿನ ಹಳ್ಳಿಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಕಲ್ಲುಗುಪ್ಪೆಯಾದವು. ಸತ್ತವರು ಸುಮಾರು 8 ಸಾವಿರ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಭೂಕಂಪಗಳಲ್ಲಿ ಇದಕ್ಕಿಂತ ಕಡಿಮೆ ಜನ ಸತ್ತದ್ದುಂಟು. ಇಲ್ಲಿ ಜನರನ್ನು ಕೊಂದದ್ದು ನೆಲದ ನಡುಕವೊಂದೇ ಅಲ್ಲ. ನಾವೇ ಕಟ್ಟಿ, ನಾವೇ ವರುಷವರುಷವೂ ಮಣ್ಣು ಹೊರಿಸಿದ ಮನೆಗಳು.

ನಾವಾಗ ಆರನೆಯ ಇಯತ್ತೆಯಲ್ಲಿದ್ದೆವು. ನಮ್ಮ ಊರು ನಿಲಂಗಾ ತಾಲೂಕಿನ ಈಚೆಗಿನ ಅಂಚಿನಲ್ಲಿರುವುದರಿಂದ ಪೆಟ್ಟು ಅಷ್ಟು ಜೋರಾಗಿ ತಾಕಲಿಲ್ಲ. ಮನೆಯ ಹಿಂದಿನ ಗೋಡೆ ಮಾತ್ರ ಹೊಟ್ಟೆಯುಬ್ಬಿ ಹಿತ್ತಲಿಗೆ ಕುಸಿಯಿತು. ಮಾಳಿಗೆ ಕಂಬಗಳ ಮೇಲೆ ನಿಂತಿತ್ತಾದ್ದರಿಂದ ನಾವು ಉಳಿದೆವು. ಮುಂದೆ ಸರಕಾರದ ನೆರವು ಬಂದಾಗ ನಮ್ಮ ತಂದೆಯವರು ಅನೇಕರಂತೆ ಆ ಹಣದಲ್ಲಿ ಪಕ್ಕದಲ್ಲೊಂದು ತಗಡಿನ ಕೋಣೆ ಕಟ್ಟಿದರು. ಬಿದ್ದ ಗೋಡೆಯನ್ನೋ, ಅದೇ ಕಲ್ಲು, ಅದೇ ಮಣ್ಣಿನಿಂದ, ಮೊದಲಿದ್ದ ಹಾಗೆಯೇ ಏರಿಸಿದರು. ಅವರು ಅವಸರದಲ್ಲಿದ್ದರು, ಚಳಿಗಾಲ ಹತ್ತಿರವಿತ್ತು. ಅವರನ್ನು ದೂಷಿಸುವುದಿಲ್ಲ. ಆದರೆ ಓದಿ, ತರಬೇತಿ ಪಡೆದು, ಬೇರೆಯವರ ಮಕ್ಕಳಿಗೆ ಪಾಠ ಹೇಳುವ ನಾವು ಮೂವತ್ತು ವರುಷ ಆ ಗೋಡೆಯ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ತಪ್ಪು ನಮ್ಮದು.

ಒಂದು ಮಾತು ನೆನಪಿರಲಿ. 1992ರಲ್ಲೇ ಕಿಲ್ಲಾರಿಯಲ್ಲಿ ನೆಲ ಹಲವು ಸಲ ನಡುಗಿತ್ತು. ಆಗಿನ ಭೂಕಂಪದ ನಕಾಶೆಯಲ್ಲಿ ನಮ್ಮ ಭಾಗವನ್ನು ಅತಿ ಕಡಿಮೆ ಅಪಾಯದ ವಲಯಕ್ಕೆ ಸೇರಿಸಲಾಗಿತ್ತು. 2002ರಲ್ಲಿ ನಕಾಶೆಯನ್ನು ತಿದ್ದಿದಾಗ ಲಾತೂರ ಭಾಗ ಮೂರನೆಯ ವಲಯಕ್ಕೆ ಏರಿತು. ಕಾಗದದ ಮೇಲೆ ತಿದ್ದುಪಡಿಯಾಯಿತು. ನಮ್ಮ ಗೋಡೆಗಳಲ್ಲಿ ಆಗಲಿಲ್ಲ.

ಗೋಡೆ ಏಕೆ ಬಿತ್ತು?

1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಗಡಿ ಬದಲಾಯಿತು, ಮನೆಯ ರೀತಿ ಬದಲಾಗಲಿಲ್ಲ. ನಾವು ಮಾಳಿಗೆ ಎನ್ನುವುದನ್ನು ಮರಾಠಿ ನೆರೆಯವರು ಮಾಳವದ ಎನ್ನುತ್ತಾರೆ. ನಾವು ಅಂಕಣ ಎನ್ನುವುದನ್ನು ಅವರು ಖಣ ಎನ್ನುತ್ತಾರೆ. ಹೆಸರು ಬೇರೆ, ಮನೆ ಒಂದೇ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಸುತ್ತಲೂ ಎರಡು, ಮೂರು ಅಡಿ ದಪ್ಪದ ಕಲ್ಲಿನ ಗೋಡೆ.

ದಪ್ಪ ಗೋಡೆಯೆಂದರೆ ಗಟ್ಟಿ ಗೋಡೆ ಎಂದು ನಾವೆಲ್ಲ ನಂಬಿದ್ದೇವೆ. ಇದು ಸುಳ್ಳು ನಂಬಿಕೆ. ಆ ಗೋಡೆಯನ್ನು ಒಡೆದು ನೋಡಿದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು. ನಡುವೆ ಚೂರುಕಲ್ಲು, ಮಣ್ಣು ತುಂಬಿದೆ. ಎರಡನ್ನೂ ಹಿಡಿದು ಕಟ್ಟುವ ಕಲ್ಲು ಒಂದೂ ಇಲ್ಲ. ಕಲ್ಲುಗಳು ದುಂಡಗಿರುವುದರಿಂದ ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಮೇಲಿನಿಂದ ನೇರ ಭಾರ ಬಿದ್ದರೆ ಇಂಥ ಗೋಡೆ ನೂರು ವರುಷ ನಿಂತೀತು. ನೆಲ ಅಡ್ಡಡ್ಡ ಅಲುಗಿದರೆ ಎರಡು ಸಾಲೂ ಬಾಳೆಯ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತವೆ. ಒಂದು ಹಿತ್ತಲಿಗೆ, ಇನ್ನೊಂದು ಮಲಗಿದವರ ಮೇಲೆ. ಅದರ ಹಿಂದೆಯೇ ಮಾಳಿಗೆಯ ಮಣ್ಣು ಇಳಿಯುತ್ತದೆ. ಕಲ್ಲಿನ ಕೆಳಗೆ ಉಸಿರಾಡಲು ಒಂದಿಷ್ಟು ಸಂದಾದರೂ ಇದ್ದೀತು, ಮಣ್ಣಿನ ಕೆಳಗೆ ಅದೂ ಇಲ್ಲ.

ಕಂಬ, ತೊಲೆಗಳು ಗಟ್ಟಿಯಾಗಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತದ್ದನ್ನು ತಜ್ಞರು ಗುರುತಿಸಿದ್ದಾರೆ. ಹಿರಿಯರ ಬುದ್ಧಿ ಕಂಬದಲ್ಲಿತ್ತು. ನಮ್ಮ ಅಲಕ್ಷ್ಯ ಗೋಡೆಯಲ್ಲಿತ್ತು.

ಹೊಸ ಊರುಗಳು ಕಲಿಸಿದ ಪಾಠ

ಭೂಕಂಪದ ನಂತರ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ದೊಡ್ಡ ಪುನರ್ವಸತಿಯ ಕೆಲಸ ನಡೆಯಿತು. 52 ಹಳ್ಳಿಗಳನ್ನು ಹಳೆಯ ಜಾಗದಿಂದ ಎತ್ತಿ ಹೊಸ ಜಾಗದಲ್ಲಿ ಕಟ್ಟಲಾಯಿತು. ಹೊಲದ ಅಳತೆಯನ್ನು ನೋಡಿ 250, 450, 750 ಚದರ ಅಡಿ ಎಂದು ಮೂರು ಬಗೆಯ ಮನೆಗಳು. ಅಗಲವಾದ ನೇರ ರಸ್ತೆಗಳು, ಗೆರೆ ಕೊರೆದಂತೆ ಸಾಲುಮನೆಗಳು. ನೆಲ ನಡುಗಿದರೆ ಆ ಮನೆಗಳು ನಮ್ಮ ಹಳೆಯ ಮನೆಗಳಂತೆ ಕುಸಿಯಲಾರವು. ಇದು ಸಣ್ಣ ಉಪಕಾರವಲ್ಲ.

ಆದರೆ ಒಕ್ಕಲಿಗನ ಕಣ್ಣಿನಿಂದ ನೋಡಿದರೆ ಅಲ್ಲಿ ಏನೋ ಮರೆತುಹೋಗಿದೆ ಎನಿಸುತ್ತದೆ. ಎತ್ತು ಎಲ್ಲಿ ಕಟ್ಟಬೇಕು? ಕಣಿಕೆ ಎಲ್ಲಿ ಒಟ್ಟಬೇಕು? ಹೆಣ್ಣುಮಕ್ಕಳು ಬೀದಿಯ ಕಣ್ಣಿಗೆ ಬೀಳದಂತೆ ಎಲ್ಲಿ ಕುಳಿತು ತೊಗರಿ ಒಡೆಯಬೇಕು? ಹಳೆಯ ಮನೆಯಲ್ಲಿ ಇವಕ್ಕೆಲ್ಲ ಅಂಗಳವಿತ್ತು. ಹೊಸ ಊರು ಹರಡಿಕೊಂಡದ್ದರಿಂದ ಹೊಲ ಕೆಲವರಿಗೆ ದೂರವಾಯಿತು, ನೆರೆಮನೆ ಎಲ್ಲರಿಗೂ ದೂರವಾಯಿತು. ಜನ ಸುಮ್ಮನೆ ಕೂಡಲಿಲ್ಲ. ಸುತ್ತ ಗೋಡೆ ಹಾಕಿದರು, ತಗಡಿನ ಕೊಟ್ಟಿಗೆ ಕಟ್ಟಿದರು, ಬೇವು ನೆಟ್ಟರು. ಎಂಜಿನಿಯರರು ಕೊಟ್ಟದ್ದು ಗಟ್ಟಿ ಕೋಣೆ. ಅದನ್ನು ಮನೆ ಮಾಡಿದವರು ಅಲ್ಲಿಯ ಹೆಣ್ಣುಮಕ್ಕಳು.

ಹೀಗಾಗಿ ಎರಡು ಮಾತು ಸ್ಪಷ್ಟ. ಬೀಳದಿರುವುದು ಮನೆಯ ಮೊದಲ ಗುಣ. ಆದರೆ ಅದೊಂದೇ ಗುಣವಲ್ಲ.

ಹಳ್ಳಿಯ ಆದರ್ಶ ಮನೆ

ಗಾಂಧೀಜಿಯವರು ಸೇವಾಗ್ರಾಮದಲ್ಲಿ ನೆಲಸಿದ ಮೇಲೆ, 1937ರಲ್ಲಿ, ಆದರ್ಶ ಹಳ್ಳಿಯ ಮನೆಯ ಕುರಿತು ಬರೆದಿದ್ದರು. ಮನೆಗೆ ಗಾಳಿ ಬೆಳಕು ಸಾಕಷ್ಟಿರಬೇಕು. ಐದು ಮೈಲಿಯ ಒಳಗೆ ಸಿಗುವ ಸಾಮಾನಿನಿಂದಲೇ ಕಟ್ಟಬೇಕು. ಕಾಯಿಪಲ್ಲೆ ಬೆಳೆಯಲು, ದನ ಕಟ್ಟಲು ಅಂಗಳವಿರಬೇಕು ಎಂಬುದು ಅವರ ಅಭಿಪ್ರಾಯ. ನಮ್ಮಲ್ಲಿ ಐದು ಮೈಲಿಯೊಳಗೆ ಸಿಗುವುದೇನು? ಕರಿಕಲ್ಲು ಮತ್ತು ಮಣ್ಣು. 1993ರಲ್ಲಿ ಜನರ ಮೇಲೆ ಬಿದ್ದದ್ದೂ ಅವೇ. ಹಾಗಾದರೆ ಗಾಂಧೀಜಿಯವರ ಮಾತು ತಪ್ಪಾಯಿತೇ? ಇಲ್ಲ. ಕಲ್ಲಿನಲ್ಲಿ ದೋಷವಿಲ್ಲ, ಇಟ್ಟ ಕೈಯಲ್ಲಿ ದೋಷವಿದೆ.

ಈಗ ಸೋಯಾಬೀನಿನ ಹಣ ಕೈಗೆ ಬಂದೊಡನೆ ಹಳೆಯ ಮನೆ ಕೆಡವಿ ಸ್ಲ್ಯಾಬು ಹಾಕುವ ಹಂಬಲ ಎಲ್ಲರಿಗೂ ಇದೆ. ಸರಿಯಾಗಿ ಕಟ್ಟಿದ ಸ್ಲ್ಯಾಬಿನ ಮನೆ ಒಳ್ಳೆಯದೇ. ಆದರೆ ಕಂಬದ ಸರಳುಗಳಿಗೆ ಹತ್ತಿರ ಹತ್ತಿರ ಉಂಗುರ ಕಟ್ಟದೆ, ಸಿಮೆಂಟು ಉಳಿಸಿ, ನೀರು ಹೊಡೆಯದೆ ಒಣಗಿಸಿದ ಸ್ಲ್ಯಾಬು ಹಳೆಯ ಮಾಳಿಗೆಗಿಂತ ಕ್ಷೇಮವೆಂದು ಹೇಳಲಾಗದು. ಮೇಲಾಗಿ ವೈಶಾಖದ ರಾತ್ರಿ ಅದರ ಕೆಳಗೆ ಮಲಗಿದವರಿಗೇ ಅದರ ಬಿಸಿ ಗೊತ್ತು. ಅದರ ಮೇಲೆ ಸುಣ್ಣ ಬಳಿದರೆ ಕಾವು ಎಷ್ಟೋ ತಗ್ಗುತ್ತದೆ. ಸ್ಲ್ಯಾಬಿಗೂ ತಗಡಿಗೂ ಒಂದು ದೊಡ್ಡ ಗುಣವುಂಟು: ಮಳೆಯ ನೀರು ಹಿಡಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 40 ಚದರ ಮೀಟರಿನ ಮನೆಯ ಮೇಲೆ 600 ಮಿಲಿಮೀಟರ್ ಮಳೆಯಾದರೆ 24,000 ಲೀಟರ್. 2016ರ ಎಪ್ರಿಲಿನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಿಸಬೇಕಾಯಿತು. ಅದನ್ನು ಕಂಡ ನಾವು ಈ ನೀರನ್ನು ಬಚ್ಚಲಿಗೆ ಬಿಡಬಹುದೇ?

ಏನು ಮಾಡಬೇಕು?

ಹಳೆಯ ಮನೆಯಲ್ಲಿ ಇರುವವರು ಹೀಗೆ ಮಾಡಬಹುದು:

1. ಮಾಳಿಗೆಯ ಮಣ್ಣು ಇಳಿಸಿರಿ. ಎಂಟು ಅಂಗುಲ ಸಾಕು. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಮಣ್ಣು ಹರಡಿದರೆ ಸೋರುವುದೂ ನಿಲ್ಲುತ್ತದೆ. ನಮ್ಮ ಪಡಸಾಲೆಯ 135 ಕ್ವಿಂಟಲ್ ಭಾರ ಇದರಿಂದ 45 ಕ್ವಿಂಟಲಿಗೆ ಇಳಿಯಿತು.

2. ಗೋಡೆಗೆ ಕಟ್ಟುಗಲ್ಲು ಬೇಕು. ಹೊಸ ಗೋಡೆಯಾದರೆ ಒಳಮೈಯಿಂದ ಹೊರಮೈಗೆ ಮುಟ್ಟುವ ಉದ್ದ ಕಲ್ಲನ್ನು ಅಡ್ಡಕ್ಕೆ ನಾಲ್ಕು ಅಡಿಗೊಂದು, ಎತ್ತರಕ್ಕೆ ಎರಡು ಅಡಿಗೊಂದು ಇಡಿಸಿರಿ. ಹಳೆಯ ಗೋಡೆಯಾದರೆ ಕಲ್ಲೊಂದನ್ನು ಮೆಲ್ಲಗೆ ಬಿಡಿಸಿ, ಆರಪಾರ ತೂತು ಮಾಡಿ, ಎರಡೂ ತುದಿ ಬಾಗಿಸಿದ ಸರಳಿಟ್ಟು ಕಾಂಕ್ರೀಟು ತುಂಬಬೇಕು. ಭೂಕಂಪದ ನಂತರ ದುರಸ್ತಿಯ ಕೆಲಸದಲ್ಲಿ ಗೌಂಡಿಗಳಿಗೆ ಈ ವಿದ್ಯೆ ಕಲಿಸಲಾಗಿತ್ತು. ನಮ್ಮ ಊರಿನ ಹಿರಿಯ ಗೌಂಡಿಯೊಬ್ಬರಿಗೆ ಅದು ಇನ್ನೂ ನೆನಪಿತ್ತು.

3. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಕಾಂಕ್ರೀಟಿನ ಪಟ್ಟಿ ಓಡಲಿ. ಧಾನ್ಯದ ಕಣಜಕ್ಕೆ ಹಗ್ಗ ಬಿಗಿದಂತೆ ಅದು ಗೋಡೆಗಳನ್ನು ಹಿಡಿಯುತ್ತದೆ. ಬಾಗಿಲು, ಕಿಟಕಿ ಮೂಲೆಯಿಂದ ಎರಡು ಅಡಿಯಾದರೂ ದೂರವಿರಲಿ.

4. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಗಟ್ಟಿಮರದ ತುಂಡು ಜೋಡಿಸಿರಿ. ಗೆದ್ದಲು ಹಿಡಿದ ಕಂಬ ಬದಲಿಸಿರಿ.

5. ಹೊಸದಾಗಿ ಕಲ್ಲಿನ ಗೋಡೆ ಕಟ್ಟುವವರು ಒಂದೂವರೆ ಅಡಿಗಿಂತ ದಪ್ಪ ಮಾಡಬಾರದು. ಕಲ್ಲನ್ನು ಒಡೆದು ಮುಖ ಮಾಡಿಸಿರಿ. ಅಂಗಳಕ್ಕೆ ಜಾಗ ಮೊದಲು ಬಿಡಿರಿ, ಕೋಣೆಗೆ ಆಮೇಲೆ.

ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಆದ ಖರ್ಚು ಒಂದು ಜೋಡಿ ಎತ್ತಿನ ಬೆಲೆಗಿಂತ ಕಡಿಮೆ. ಮಣ್ಣು ಇಳಿಸುವಾಗ ತಾಯಿಯವರು ಅಂಗಳದಲ್ಲಿ ಕುಳಿತು ಮುಖ ತಿರುಗಿಸಿದ್ದರು. "ಇದು ನಿಮ್ಮಪ್ಪ ತುಳಿದ ಮಣ್ಣು" ಎಂದರು. ನಮಗೆ ಉತ್ತರ ತೋಚಲಿಲ್ಲ. ಆ ಮಣ್ಣನ್ನು ಬೇರೆ ಕಡೆಗೆ ಸಾಗಿಸದೆ, ಹಿತ್ತಲಿನ ತಗ್ಗು ತುಂಬಿಸಿ, ಮೇಲೆ ಗೊಬ್ಬರ, ಕರಿಮಣ್ಣು ಹರಡಿದೆವು. ಈಗ ಅಲ್ಲಿ ಅವರೇ ಊರಿದ ಹೀರೆ, ಅವರೆ ಬಳ್ಳಿಗಳು ಹಬ್ಬಿವೆ. ಮಾಳಿಗೆಯ ಕೆಳಗೆ ಮೊದಲಿನಂತೆಯೇ ತಂಪಿದೆಯೇ ಎಂದು ಕೇಳಿದರೆ, ಮೊದಲಿನಷ್ಟು ಇಲ್ಲವೆನ್ನುತ್ತಾರೆ. ಅದು ನಿಜವೂ ಹೌದು. ಆದರೆ ಹಾಸಿಗೆಯನ್ನು ಪಡಸಾಲೆಯಿಂದ ಬೇರೆಡೆಗೆ ಒಯ್ದಿಲ್ಲ.

ಓದುಗ ಬಾಂಧವರಲ್ಲಿ ನಮ್ಮದೊಂದೇ ಬಿನ್ನಹ. ಬರುವ ಬೇಸಿಗೆಯಲ್ಲಿ ಮಣ್ಣಿನ ಬುಟ್ಟಿ ಹೊತ್ತು ಮಾಳಿಗೆ ಏರುವ ಮೊದಲು, ಗುದ್ದಲಿ ಮತ್ತು ಅಡಿಪಟ್ಟಿ ಹಿಡಿದು ಒಮ್ಮೆ ಏರಿರಿ. ಎಷ್ಟು ದಪ್ಪವಿದೆ ಎಂದು ಅಳೆಯಿರಿ. ಲೆಕ್ಕ ಬಾರದಿದ್ದರೆ ಮನೆಯ ಶಾಲೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಿರಿ. ಅವರೂ ಆ ಮಾಳಿಗೆಯ ಕೆಳಗೇ ಮಲಗುವವರಲ್ಲವೇ?