ಕೋಷ್ಟಕದಿಂದ ಕ್ಯೂಬಿಗೆ: ಕಾಸರಗೋಡಿನ ಕನ್ನಡ ಕೃತಿಗಳನ್ನು ಎಣಿಸುವಾಗ 'ಸ್ಥಳ' ಎಂಬ ಆಯಾಮ

ಸಾಹಿತ್ಯದ ಸಂಕಿರಣದಲ್ಲಿ ಡೇಟಾಬೇಸಿನ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. 1956ರ ನಂತರ ಕಾಸರಗೋಡಿನಲ್ಲಿ ಕನ್ನಡ ಬರವಣಿಗೆ ಕಡಿಮೆಯಾಯಿತು ಎಂದು ನಾವು ಭಾಷಣಗಳಲ್ಲಿ ಸಲೀಸಾಗಿ ಹೇಳ್ತೇವೆ. ಇಲ್ಲ, ಹೆಚ್ಚಾಯಿತು ಅನ್ನುವವರೂ ಇದ್ದಾರೆ. ಎರಡೂ ಎಣಿಕೆಯ ಮಾತುಗಳೇ. ಹಾಗಾದರೆ ಎಣಿಸುವ ಕ್ರಮವನ್ನೇ ಮೊದಲು ನೋಡಬೇಕಲ್ವಾ?

ಗ್ರಂಥಸೂಚಿಯೊಂದನ್ನು ರಿಲೇಷನಲ್ ಡೇಟಾಬೇಸಿನಲ್ಲಿ ಇಡುವುದೆಂದರೆ ಲೇಖಕರಿಗೆ ಒಂದು ಕೋಷ್ಟಕ, ಕೃತಿಗಳಿಗೆ ಒಂದು, ಊರುಗಳಿಗೆ ಒಂದು, ಪ್ರಕಾಶಕರಿಗೆ ಒಂದು. ಇವುಗಳನ್ನು ಸಂಖ್ಯೆಗಳ ಮೂಲಕ ಜೋಡಿಸುತ್ತೇವೆ. 1970ರಲ್ಲಿ ಇ. ಎಫ್. ಕಾಡ್ ಮುಂದಿಟ್ಟ ಈ ಮಾದರಿಯ ಗುಣವೆಂದರೆ ಒಂದು ಸಂಗತಿಯನ್ನು ಒಂದೇ ಕಡೆ ಬರೆದರೆ ಸಾಕು. ಆದರೆ 'ಯಾವ ದಶಕದಲ್ಲಿ, ಯಾವ ತಾಲೂಕಿನಿಂದ, ಯಾವ ಪ್ರಕಾರದ ಎಷ್ಟು ಕೃತಿ' ಎಂದು ಕೇಳಿದಾಗಲೆಲ್ಲ ಆ ಕೋಷ್ಟಕಗಳನ್ನು ಮತ್ತೆ ಮತ್ತೆ ಜೋಡಿಸಿ ಕೂಡಿಸಬೇಕು. ಆ ಕೂಡಿಕೆಗಳನ್ನು ಮೊದಲೇ ಮಾಡಿಟ್ಟ ಪೆಟ್ಟಿಗೆಯೇ ಕ್ಯೂಬ್. ದಶಕ, ತಾಲೂಕು, ಪ್ರಕಾರ ಅದರ ಆಯಾಮಗಳು. ಕೃತಿಗಳ ಸಂಖ್ಯೆ ಅದರ ಅಳತೆ.

ಹತ್ತು ದಶಕ, ನಾಲ್ಕು ತಾಲೂಕು, ಎಂಟು ಪ್ರಕಾರ ಅಂತ ಇಟ್ಟುಕೊಳ್ಳಿ. 320 ಕೋಣೆಗಳಾದವು. ಪ್ರತಿ ಆಯಾಮಕ್ಕೂ 'ಒಟ್ಟು' ಎಂಬ ಇನ್ನೊಂದು ಸಾಲು ಸೇರಿದರೆ 11×5×9, ಅಂದರೆ 495. ಬಹಳಷ್ಟು ಕೋಣೆ ಖಾಲಿಯೇ ಇರುತ್ತವೆ. ಆ ಖಾಲಿಗೆ ಎರಡು ಅರ್ಥ ಇದೆ: ಯಾರೂ ಬರೆದಿಲ್ಲ, ಅಥವಾ ನಾವು ಹುಡುಕಿಲ್ಲ. ಕ್ಯೂಬಿಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ, ನಮಗೆ ಗೊತ್ತಿರಬೇಕು.

ಇನ್ನು ಆಫ್‌ಲೈನ್ ಯಾಕೆ? ಎಣ್ಮಕಜೆ, ಪೈವಳಿಕೆ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಪುಸ್ತಕ ನೋಡುವಾಗ ನೆಟ್‌ವರ್ಕ್ ನಂಬಿ ಕೂತರೆ ಆಗ್ಲಿಕ್ಕಿಲ್ಲ. ಹಳೆಯ ಎಕ್ಸೆಲ್ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಕ್ವೆರಿ ಮೂಲಕ ಡೇಟಾಬೇಸಿನಿಂದಲೇ ಕ್ಯೂಬ್ ಕಟ್ಟುವ ಸೌಲಭ್ಯ ಇತ್ತು. ವಿನ್ಯಾಸವನ್ನಷ್ಟೇ ಉಳಿಸಿ ಪ್ರತಿಸಲ ಹೊಸದಾಗಿ ಕಟ್ಟಬಹುದು, ಇಲ್ಲವೇ ದತ್ತಾಂಶ ಸಮೇತ 'ಕಬ್' ಎಂಬ ವಿಸ್ತರಣೆಯ ಒಂದೇ ಕಡತವಾಗಿ ಉಳಿಸಬಹುದು. ಎರಡನೆಯದು ನಮಗೆ ಬೇಕಾದದ್ದು. ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಹೋಗಬಹುದು. ಈಗಿನ ಪವರ್ ಪಿವೋಟ್‌ನಲ್ಲೂ ದತ್ತಾಂಶ ಕಡತದೊಳಗೇ ಕೂರುತ್ತದೆ. ಒಂದೇ ಎಚ್ಚರ: ಆ ಕಡತ ಕಟ್ಟಿದ ದಿನದ ಚಿತ್ರ ಮಾತ್ರ. ಮೂಲ ಡೇಟಾಬೇಸಿಗೆ ಆಮೇಲೆ ಸೇರಿದ ಪುಸ್ತಕ, ನವೀಕರಿಸುವ ತನಕ ಅದರಲ್ಲಿ ಕಾಣ್ಲಿಕ್ಕಿಲ್ಲ. ಕಡತದ ಹೆಸರಿನಲ್ಲೇ ದಿನಾಂಕ ಬರೆದಿಡುವುದು ಒಳ್ಳೆಯದು.

ಕೃತಿಗಳನ್ನು ಕೂಡಿಸಬಹುದು, ಲೇಖಕರನ್ನು ಹಾಗೆ ಕೂಡಿಸಲು ಬರುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕಾವ್ಯದ ಕೋಣೆಯಲ್ಲಿ ಒಬ್ಬರು, ಸಂಶೋಧನೆಯ ಕೋಣೆಯಲ್ಲಿ ಒಬ್ಬರು. ಕೂಡಿಸಿದರೆ ಇಬ್ಬರು ಗೋವಿಂದ ಪೈ! ಆದ್ದರಿಂದ ಲೇಖಕರ ಸಂಖ್ಯೆಯನ್ನು ಪ್ರತಿ ಮಟ್ಟದಲ್ಲೂ ಬೇರೆಯಾಗಿ, ಹೆಸರು ಮರುಕಳಿಸದಂತೆ ಎಣಿಸಬೇಕು.

ನಿಜವಾದ ಕಷ್ಟ ಇರುವುದು ಸ್ಥಳದಲ್ಲಿ. ಸಾಮಾನ್ಯವಾಗಿ ಊರು, ತಾಲೂಕು, ಜಿಲ್ಲೆ, ರಾಜ್ಯ ಎಂಬ ಏಣಿಯನ್ನು ಕಟ್ಟುತ್ತೇವೆ. ನಮ್ಮ ಊರುಗಳ ಏಣಿ ನಿಂತಲ್ಲಿ ನಿಂತಿಲ್ಲ. ಮಂಜೇಶ್ವರ 1956ರ ನವೆಂಬರ್ 1ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅನಂತರ ಕೇರಳ, 1957ರಿಂದ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಮಂಜೇಶ್ವರ ತಾಲೂಕು ಆದದ್ದು 2010ರ ದಶಕದಲ್ಲಿ. ಊರ ಕೋಷ್ಟಕದಲ್ಲಿ ಇವತ್ತಿನ ವಿಳಾಸ ಒಂದನ್ನೇ ಬರೆದರೆ 1930ರ ಕನ್ನಡ ಕಾವ್ಯವೂ 'ಕೇರಳ'ದ ಲೆಕ್ಕಕ್ಕೆ ಹೋಗುತ್ತದೆ, ಆಗ ಆ ಹೆಸರಿನ ರಾಜ್ಯವೇ ಇರಲಿಲ್ಲ. ಅಂದಂದಿನ ವಿಳಾಸ ಬರೆದರೆ ಕೇರಳದ ಕನ್ನಡ ಸಾಹಿತ್ಯ 1956ರಲ್ಲಿ ಒಮ್ಮೆಲೇ ಹುಟ್ಟಿದ ಹಾಗೆ, ದಕ್ಷಿಣ ಕನ್ನಡದ್ದು ಅದೇ ವರ್ಷ ಕುಸಿದ ಹಾಗೆ ಕಾಣುತ್ತದೆ. ಒಬ್ಬರೂ ಲೇಖನಿ ಕೆಳಗಿಟ್ಟಿರುವುದಿಲ್ಲ! 1915ರಿಂದ 2015ರ ತನಕ ಬದುಕಿದ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಎರಡೂ ಕಡೆ ಹಂಚಿಹೋಗುತ್ತಾರೆ.

ದಾರಿ ಇದೆ. ಒಂದೇ ಊರಿಗೆ ಹಲವು ಸಾಲು ಬರೆದು, ಪ್ರತಿ ಸಾಲಿಗೂ 'ಇಂದಿನಿಂದ–ಇಂದಿನವರೆಗೆ' ಎಂಬ ಅವಧಿ ಕೊಡುವುದು. ಜೊತೆಗೆ ಎಂದೂ ಬದಲಾಗದ ಊರ ಸಂಖ್ಯೆ ಒಂದನ್ನು ಇಟ್ಟುಕೊಳ್ಳುವುದು. ಆಗ ಆಡಳಿತದ ಏಣಿ ಒಂದು, ಊರಿನ ಏಣಿ ಇನ್ನೊಂದು. ಕಡಿಮೆಯಾಯಿತೇ ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಎರಡನೆಯದರಲ್ಲೇ ಉತ್ತರ ಹುಡುಕಬೇಕು ಅಂತ ನನ್ನ ಅಭಿಪ್ರಾಯ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಬರೆದದ್ದು ಇಲ್ಲಿ, ಅಚ್ಚಾದದ್ದು ಮಂಗಳೂರಿನಲ್ಲಿ ಆದರೆ ಯಾವ ಊರು? ಎರಡನ್ನೂ ಇಡಬೇಕು, ಲೇಖಕರ ಊರು ಬೇರೆ ಆಯಾಮ, ಮುದ್ರಣದ ಊರು ಬೇರೆ ಆಯಾಮ. 1841ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಶುರುವಾದ ಊರು ಮಂಗಳೂರು. ಮಂಜೇಶ್ವರದ ಹಸ್ತಪ್ರತಿ ಅಲ್ಲಿಗೆ ಹೋದರೆ 1956ಕ್ಕೆ ಮೊದಲು ಜಿಲ್ಲೆಯೊಳಗಿನ ಪ್ರಯಾಣ, ಆಮೇಲೆ ಅಂತರರಾಜ್ಯ ಪ್ರಯಾಣ. ರಸ್ತೆ ಅದೇ.