ಕಿವಿಯಿಂದ ಓದುವವರಿಗಾಗಿ

ಕಿವಿಯೊಂದರ ನೆರವಿನಿಂದಲೇ ಎಷ್ಟೋ ವಿಷಯಗಳನ್ನು ಗ್ರಹಿಸಬಹುದೆಂಬುದು ರೇಡಿಯೋ ಕೇಳುವ ತಮಗೆ ತಿಳಿದದ್ದೇ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಕಾಗದಪತ್ರಗಳನ್ನು ಬರೆಯುವುದೂ ತಿದ್ದುವುದೂ ಈ ಬಲದಿಂದಲೇ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಅಂಥದೊಂದು. ಅದು ಬೆಲೆಯಿಲ್ಲದೆ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ.

ಆದರೆ ಅದು ಓದುವುದು ಅಕ್ಷರದ ಆಕಾರವನ್ನಲ್ಲ, ಅದರ ಹಿಂದಿರುವ ಸಂಕೇತವನ್ನು. ನಮ್ಮ ಹಳೆಯ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರವನ್ನು ತೊಡಿಸಿದ್ದರು. ಕಣ್ಣಿಗೆ ಅದು ಅಚ್ಚ ಕನ್ನಡ. ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಗೊಣಗು. ಯೂನಿಕೋಡಿನಲ್ಲಾದರೋ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸಂಕೇತಗಳುಂಟು. ಆದ್ದರಿಂದ ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು.

ಇನ್ನೊಂದು ಮಾತು. ತಲೆಬರಹವನ್ನು ಬರಿದೆ ದಪ್ಪ ಅಕ್ಷರದಲ್ಲಿ ಬರೆದರೆ ಸ್ಕ್ರೀನ್ ರೀಡರಿಗೆ ಅದು ತಲೆಬರಹವೆಂದು ತಿಳಿಯದು. ‘ಹೆಡಿಂಗ್’ ಎಂಬ ಶೈಲಿಯನ್ನು ಆರಿಸಿದರೆ ಕೇಳುವವರು ಒಂದೇ ಕೀಲಿ ಒತ್ತಿ ಮುಂದಿನ ಭಾಗಕ್ಕೆ ಹೋಗಬಲ್ಲರು. ಇಲ್ಲವಾದರೆ ಮೂವತ್ತು ಪುಟದ ವರದಿಯಲ್ಲಿ ಬೇಕಾದದ್ದೊಂದನ್ನು ಹುಡುಕಲು ಸಾಲುಸಾಲಾಗಿ ಕೇಳುತ್ತ ಕೂರಬೇಕಾದೀತು. ಚಿತ್ರವಿದ್ದರೆ ಅದಕ್ಕೆ ನಾಲ್ಕು ಮಾತಿನ ವಿವರಣೆಯನ್ನೂ ಸೇರಿಸಿರಿ.

ತಾವು ಬರೆದ ಅರ್ಜಿಯೋ, ಸಂಘದ ಸುತ್ತೋಲೆಯೋ, ಶಾಲೆಯ ಪಾಠವೋ ಕಣ್ಣಿಲ್ಲದವರ ಕೈಸೇರಬಹುದು. ಪಕ್ಕದವರನ್ನು ಬೇಡದೆ ಅದನ್ನು ತಾವೇ ಓದಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ದೊರೆಯುವುದೂ ತಪ್ಪುವುದೂ ಬಹುಮಟ್ಟಿಗೆ ಬರೆದವರ ಕೈಯಲ್ಲಿದೆ.