ಮನೆಗೆ ಬೇಕಾದ ತೊಗರಿ ಮನೆಯಲ್ಲೇ ಉಳಿಯಲಿ

ಕಲಬುರಗಿ ಸೀಮೆಯಲ್ಲಿ ತೊಗರಿಯ ರಾಶಿ ನಡೆಯುವುದು ಡಿಸೆಂಬರ್–ಜನವರಿಯಲ್ಲಿ. ಪೇಟೆಗೆ ಮಾಲು ಹೆಚ್ಚಾಗಿ ಬಂದು ದರ ಇಳಿಯುವುದೂ ಸಾಮಾನ್ಯವಾಗಿ ಆಗಲೇ. ಸಾಲ, ಕೂಲಿಬಾಕಿಯ ಒತ್ತಡದಿಂದ ರೈತರು ಇಡೀ ರಾಶಿಯನ್ನು ಮಾರಿ, ಮುಂದೆ ವಾರವಾರವೂ ಸಂತೆಯಲ್ಲಿ ಬೇಳೆ ಕೊಳ್ಳುವುದುಂಟು. ಗಿರಣಿ, ಸಾಗಣೆ, ವರ್ತಕರ ಲಾಭ ಎಲ್ಲವೂ ಸೇರಿದ ಬೆಲೆಯನ್ನು ಬೆಳೆದವರೇ ತೆರುತ್ತಾರೆ!

ಲೆಕ್ಕ ಹಾಕಿ ನೋಡಿ. ಐದು ಜನರ ಮನೆಗೆ ದಿನಕ್ಕೆ 200 ಗ್ರಾಂ ಬೇಳೆಯೆಂದರೆ ವರ್ಷಕ್ಕೆ 73 ಕಿಲೋ. 100 ಕಿಲೋ ತೊಗರಿ ಒಡೆಸಿದರೆ ಸುಮಾರು 65ರಿಂದ 70 ಕಿಲೋ ಬೇಳೆ ಸಿಗುತ್ತದೆ. ಆದ್ದರಿಂದ ಸುಮಾರು 110 ಕಿಲೋ ತೊಗರಿ ತೆಗೆದಿಟ್ಟು ಉಳಿದದ್ದನ್ನು ಮಾರಬಹುದು. ಹೊಟ್ಟು ದನಗಳಿಗಾಗುತ್ತದೆ.

ಇಟ್ಟರೆ ಹುಳು ಹಿಡಿಯುವುದಲ್ಲ ಎಂದು ಮನೆಯ ಹೆಣ್ಣುಮಕ್ಕಳು ಕೇಳುವುದು ಸರಿಯೇ. ಕಾಳು ಕೊರೆಯುವ ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಕಾಳಿನೊಳಗೆ ಅಡಗಿ ಮನೆ ಸೇರುತ್ತದೆ. ಮನೆಯಲ್ಲಿಟ್ಟ ಕಾಳಿಗೆ ಅಂಟಿದ ಬಿಳಿ ಚುಕ್ಕೆಗಳೂ ಅದರ ಮೊಟ್ಟೆಗಳೇ. ಆದುದರಿಂದ ರಾಶಿಯಾದೊಡನೆ ಕಾಳನ್ನು ತೆಳುವಾಗಿ ಹರಡಿ, ಹಲ್ಲಿನಿಂದ ಕಡಿದರೆ ಕಟ್ಟೆಂದು ಒಡೆಯುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. ತೇವಾಂಶ ಶೇ. 10ಕ್ಕಿಂತ ಕಡಿಮೆಯಿರಬೇಕು. ಬಿಸಿ ಆರಿದ ಮೇಲೆ ಕಿಲೋಗೆ 5 ಮಿ.ಲೀ.ನಂತೆ ಅಡುಗೆ ಎಣ್ಣೆ ಸವರಿ, ಬಿಗಿ ಮುಚ್ಚಳದ ಪೀಪಾಯಿಯಲ್ಲಿ ತುಂಬಿಡಬೇಕು. ಎಣ್ಣೆಯ ಲೇಪದಿಂದ ಮೊಟ್ಟೆಗಳು ಸಾಯುತ್ತವೆ. ಹಳೆಯ ಗೋಣಿಚೀಲ ಬೇಡ. ಹೋದ ವರ್ಷದ ಹುಳು ಅದರಲ್ಲೇ ಇರಬಹುದು. ಒಡೆದ ಬೇಳೆಗೆ ಈ ದುಂಬಿಯ ಕಾಟ ಕಡಿಮೆ. ಬಿತ್ತನೆಗೆಂದು ವಿಷದ ಔಷಧ ಲೇಪಿಸಿದ ಬೀಜವನ್ನು ಮಾತ್ರ ಗುರುತು ಹಾಕಿ, ಅಡುಗೆಮನೆಯಿಂದ ದೂರವಿಡತಕ್ಕದ್ದು.